ಊರು ನೋಡಿ ಸೀಟು ಹಿಡಿಯಿರಿ

ದಾವಣಗೆರೆ, ಹಾಸನ, ವಿಜಯಪುರ, ಎಲ್ಲಿಗೆ ಹೋದ್ರೂ ಈಗ ಒಂದು ಮಾತು ಕಿವಿಗೆ ಬೀಳುತ್ತೆ: "ಮಗ ಎಂಎಸ್‌ಗೆ ಜರ್ಮನಿಗೆ ಹೋಗ್ತಿದ್ದಾನೆ ಸಾರ್." ಬಹಳ ಸಂತೋಷ. ಜರ್ಮನಿಯಲ್ಲಿ ಯಾವ ಊರು ಅಂತ ಕೇಳಿದ್ರೆ ಅಪ್ಪಂಗೆ ಗೊತ್ತಿರಲ್ಲ. ಮಗ ಹೇಳ್ತಾನೆ, "ಮ್ಯೂನಿಕ್‌ಗೆ ಟ್ರೈ ಮಾಡ್ತಿದೀನಿ, ಹೆಸರಿರೋ ಊರು."

ಇವತ್ತು ಆ ಊರಿನ ಲೆಕ್ಕ ಹಾಕೋಣ ಬನ್ನಿ.

ಜರ್ಮನಿಯ ಸ್ಟೂಡೆಂಟ್ ವೀಸಾ ಬೇಕು ಅಂದ್ರೆ ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ದಾಟುತ್ತೆ. ಅದರಲ್ಲಿ ತಿಂಗಳಿಗೆ ಕೈಗೆ ಸಿಗೋದು 992 ಯೂರೋ.

ಮ್ಯೂನಿಕ್‌ನಲ್ಲಿ ನಾಲ್ಕು ಜನ ಹಂಚಿಕೊಂಡ ಮನೆಯ ಒಂದು ರೂಮಿಗೇ ಬಾಡಿಗೆ ಸುಮಾರು 800 ಯೂರೋ. ವಿದ್ಯಾರ್ಥಿ ಆರೋಗ್ಯ ವಿಮೆ ಕಡ್ಡಾಯ, ಅದಕ್ಕೆ ಹತ್ತಿರ ಹತ್ತಿರ 140. ಉಳಿದದ್ದು 52 ಯೂರೋ. ತಿಂಗಳಿಡೀ ಊಟ, ಬಟ್ಟೆ, ಫೋನು ಎಲ್ಲಾ ಇದರಲ್ಲೇ! ಜರ್ಮನಿಯಲ್ಲಿ ಓದು ಫ್ರೀ ಅನ್ನೋ ಮಾತಿದೆಯಲ್ಲ, ಅದೂ ಎಲ್ಲಾ ಕಡೆ ನಿಜವಲ್ಲ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಹೊಸ ವಿದ್ಯಾರ್ಥಿಗಳಿಗೆ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುಲ್ಕ ಹಾಕಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದಲೇ ಸೆಮಿಸ್ಟರ್‌ಗೆ 1,500 ಯೂರೋ ಇದೆ.

ಈಗ ಪೂರ್ವಕ್ಕೆ ಬನ್ನಿ. ಸ್ಯಾಕ್ಸನಿ ರಾಜ್ಯದ ಕೆಮ್ನಿಟ್ಸ್. ಅಲ್ಲೂ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಇಂಗ್ಲಿಷ್‌ನಲ್ಲಿ ಆಟೋಮೋಟಿವ್ ಸಾಫ್ಟ್‌ವೇರ್ ಕೋರ್ಸ್ ಇದೆ. ಹಂಚಿಕೊಂಡ ಮನೆಯ ರೂಮು 300 ಯೂರೋ ಆಸುಪಾಸು. ಅದೇ 992ರಲ್ಲಿ ಬಾಡಿಗೆ, ವಿಮೆ ಕಳೆದ್ರೆ 550 ಉಳಿಯುತ್ತೆ. ಹುಡುಗ ಹೊಟ್ಟೆ ತುಂಬಾ ಊಟ ಮಾಡಿ ಓದಬಹುದು.

ಯಾಕಿಷ್ಟು ಅಗ್ಗ? 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ಪೂರ್ವದ ಕಾರ್ಖಾನೆಗಳು ಮುಚ್ಚಿದವು. ಯುವಕರು ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು, ಮನೆಗಳು ಖಾಲಿ ಬಿದ್ದವು. ಬಾಡಿಗೆ ಕಡಿಮೆ ಇರೋದು ಅದಕ್ಕೆ.

ಆ ಕಾರಣಕ್ಕೆ ಇನ್ನೊಂದು ಮುಖವೂ ಇದೆ, ಮುಚ್ಚಿಡಬಾರದು. ಕಂಪನಿ ಕಡಿಮೆ ಇರೋ ಕಡೆ ಪಾರ್ಟ್‌ಟೈಮ್ ಕೆಲಸವೂ ಕಡಿಮೆ. ಅಂಗಡಿಯಲ್ಲಿ ನಿಲ್ಲೋಕೂ ಜರ್ಮನ್ ಬರಬೇಕು. 2018ರಲ್ಲಿ ಇದೇ ಕೆಮ್ನಿಟ್ಸ್ ಬೀದಿಗಳಲ್ಲಿ ವಲಸಿಗರ ವಿರುದ್ಧ ದೊಡ್ಡ ಗಲಾಟೆ ಆಗಿತ್ತು. ಇದೇ ಊರು 2025ಕ್ಕೆ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಯ್ತು. ಎರಡೂ ನಿಜ. ಹೋಗೋ ಮುಂಚೆ ಅಲ್ಲಿ ಓದ್ತಿರೋ ನಮ್ಮ ಹುಡುಗ ಹುಡುಗಿಯರನ್ನೇ ಕೇಳಿ, ರಾತ್ರಿ ಓಡಾಟ ಹೇಗಿದೆ ಅಂತ.

ಹಾಗಾದ್ರೆ ಊರು ಆರಿಸೋದು ಹೇಗೆ? ಕೋರ್ಸ್ ಪಟ್ಟಿ ಪಕ್ಕದಲ್ಲೇ ಶುಲ್ಕ, ಬಾಡಿಗೆ ಬರೆದುಕೊಳ್ಳಿ. ಬಾಡಿಗೆ ಹೇಳಿದಾಗ "ಕಾಲ್ಟ್" ಅಂದ್ರೋ "ವಾರ್ಮ್" ಅಂದ್ರೋ ಕೇಳಿ. ಕಾಲ್ಟ್ ಅಂದ್ರೆ ಬರೀ ಗೋಡೆಯ ಬಾಡಿಗೆ, ಹೀಟಿಂಗ್ ಖರ್ಚು ಬೇರೆ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿ ನಡೆಯಲ್ಲ! ಮನೆ ನೋಡದೆ, ಕರಾರು ಇಲ್ಲದೆ ದುಡ್ಡು ಕಳಿಸಬೇಡಿ. ಅಡ್ಮಿಷನ್ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲ್‌ಗೆ ಅರ್ಜಿ ಹಾಕಿ, ಕಾಯುವ ಸಾಲು ಉದ್ದ ಇರುತ್ತೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ನಿಜ. ಆದ್ರೆ ಆ ದುಡ್ಡನ್ನು ನಂಬಿ ಬಜೆಟ್ ಮಾಡಬೇಡಿ, ಅದು ಸಿಕ್ಕರೆ ಸಿಕ್ತು.

ಇನ್ನೊಂದು ಖರ್ಚು ಹೇಳಿದ್ರೆ ನಗ್ತೀರಿ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಅಲ್ಲಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ನಮ್ಮನ್ನು ನೀವು ಇನ್ನೂ ಅಗ್ಗಕ್ಕೇ ನೋಡ್ತಿದ್ದೀರಿ.

ಜಮೀನು ಅಡವಿಟ್ಟು ಸಾಲ ಮಾಡಿದ ಅಪ್ಪಂದಿರಿಗೆ ಒಂದು ಮಾತು. ಯೂನಿವರ್ಸಿಟಿ ಹೆಸರು ಕೇಳಿದ ಮೇಲೆ ಮಗನ ಹತ್ರ ಇನ್ನೊಂದು ಪ್ರಶ್ನೆ ಕೇಳಿ: "ಬಾಡಿಗೆ ಕಟ್ಟಿದ ಮೇಲೆ ನಿಂಗೆ ಊಟಕ್ಕೆ ಎಷ್ಟು ಉಳಿಯುತ್ತಪ್ಪಾ?" ಉತ್ತರ ಸರಿ ಬಂದ್ರೆ ಧೈರ್ಯವಾಗಿ ಟಿಕೆಟ್ ಬುಕ್ ಮಾಡಿ.