ಕಪಾಟಿನ ಚಾವಿ ಎಲ್ಲಿದೆ?

ಪುಣೆಯಿಂದ ಮಾತಾಡ್ತಾ ಇದೀನಿ. ಊರು ತೀರ್ಥಹಳ್ಳಿ ಕಡೆ. ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು.

ನಮ್ಮ ಮನೇಲಿ ಒಂದು ಕೋವಿ ಇದೆ. ಜೋಡುನಳಿಗೆಯ ತೋಟಾಕೋವಿ, ಅಪ್ಪನದು. ಅಡಿಕೆ ತೋಟಕ್ಕೆ ಮಂಗ ಬಂದ್ರೆ ಹೆದರಿಸೋಕೆ, ಗದ್ದೆಗೆ ಹಂದಿ ಬಂದ್ರೆ ಓಡಿಸೋಕೆ ಅಂತ ಇದ್ದದ್ದು. ಮಲೆನಾಡಿನವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಆದ್ರೆ ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಮಂಗಾನೂ ಇಲ್ಲ, ಹಂದೀನೂ ಇಲ್ಲ. "ಮತ್ತೆ ಯಾಕ್ರೀ ಇಟ್ಕೊಂಡಿದೀರಿ?" ಅಂತ ಕೇಳಿದ್ರೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ. ಅಪ್ಪನ ಕೈ ಹಿಡಿದ ವಸ್ತು, ಕೊಡೋಕೆ ಮನಸ್ಸಾಗಲಿಲ್ಲ, ಅಷ್ಟೇ.

2016ರ ಆಯುಧ ನಿಯಮಗಳಲ್ಲಿ ಒಂದು ಅವಕಾಶ ಇದೆ. ಲೈಸೆನ್ಸುದಾರನಿಗೆ ಎಪ್ಪತ್ತು ವರ್ಷ ಆಗಿದ್ರೆ, ಅಥವಾ ಇಪ್ಪತ್ತೈದು ವರ್ಷ ಆಯುಧ ಇಟ್ಕೊಂಡಿದ್ರೆ, ಬದುಕಿರುವಾಗಲೇ ವಾರಸುದಾರನಿಗೆ ದಾಟಿಸಬಹುದು. ಅಪ್ಪನಿಗೆ ಆಗ ಎಂಬತ್ತೊಂದು. 2017ರಲ್ಲಿ ನನ್ನ ಹೆಸರಿಗಾಯ್ತು. ಓಡಾಟದ ಕಥೆ ಬಿಡಿ, ಅದೇ ಇನ್ನೊಂದು ವಿಡಿಯೊ ಆಗತ್ತೆ.

ಇವತ್ತು ಹೇಳಬೇಕಾಗಿರೋದು ಪೊಲೀಸರು ಮನೆಗೆ ಬಂದು ಕೋವಿ ಎಲ್ಲಿಟ್ಟಿದೀರಿ ಅಂತ ನೋಡೋ ವಿಚಾರ.

ಮೊದಲ ಎರಡು ಸಲ, 2017 ಮತ್ತು 2020ರಲ್ಲಿ, ಬಂದವರು ಸೋಫಾದ ಮೇಲೆ ಕೂತ್ರು. ಚಹಾ ಕುಡಿದ್ರು. ಲೈಸೆನ್ಸ್ ಪುಸ್ತಕ ತಿರುವಿ, ಕಪಾಟನ್ನು ದೂರದಿಂದಲೇ ನೋಡಿ, ಸಹಿ ಹಾಕಿಸ್ಕೊಂಡು ಹೋದ್ರು. ಎಷ್ಟು ಸುಲಭ ಆಯ್ತಲ್ಲ ಅಂತ ನನಗೂ ಖುಷಿ. ನಿಜ ಹೇಳ್ಬೇಕಂದ್ರೆ ಅವರು ಬಂದಾಗ ನನಗಿದ್ದ ಚಿಂತೆ ಒಂದೇ. ಕೆಳಗೆ ವಾಚ್‌ಮನ್ ಏನಂದ್ಕೊಂಡ, ಎದುರು ಮನೆಯವರು ಬಾಗಿಲು ಸಂದಿಯಿಂದ ಯಾಕೆ ನೋಡ್ತಿದಾರೆ ಅನ್ನೋದು.

2025ರಲ್ಲಿ ಬಂದದ್ದು ಒಬ್ಬ ಹೆಣ್ಣುಮಗಳು, ಕಾನ್‌ಸ್ಟೇಬಲ್. ನನ್ನ ಮಗಳಿಗಿಂತ ಚಿಕ್ಕವಳು. ಚಹಾ ಆಮೇಲೆ ಅಂದಳು. ಕೋವಿ ಹೊರಗೆ ತೆಗೆಸಿ, ಅದರ ಮೇಲಿನ ನಂಬರು ಪುಸ್ತಕದ ನಂಬರಿಗೆ ತಾಳೆಯಾಗತ್ತಾ ಅಂತ ಬೆರಳಿಟ್ಟು ನೋಡಿದಳು. ತೋಟಾ ಎಷ್ಟಿವೆ, ಎಲ್ಲಿವೆ ಅಂತ ಕೇಳಿದಳು. ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ವು. ತೋರಿಸಿದೆ. ಏನೂ ಅನ್ನಲಿಲ್ಲ, ಬರ್ಕೊಂಡಳು.

ಪಕ್ಕದಲ್ಲೇ ಮೊಮ್ಮಗ ಹೋಮ್‌ವರ್ಕ್ ಮಾಡ್ತಾ ಕೂತಿದ್ದ. ಏಳು ವರ್ಷ. ಅವಳು ನನ್ನ ಬಿಟ್ಟು ಅವನ ಕಡೆ ತಿರುಗಿ, ಮರಾಠಿಯಲ್ಲಿ, "ಬಾಳಾ, ಆಜೋಬಾಂಚೀ ಬಂದೂಕ್ ಕುಠೇ ಅಸ್ತೇ?" ಅಂದಳು. ಅಜ್ಜನ ಬಂದೂಕು ಎಲ್ಲಿರತ್ತೆ ಅಂತ. ಇವನು ಕಪಾಟು ತೋರಿಸಿದ. ಅದು ಸರಿ, ಎಲ್ಲರಿಗೂ ಗೊತ್ತಿರೋದೇ.

"ಆಣಿ ಚಾವೀ?"

ಹುಡುಗ ತಲೆ ಎತ್ತದೆ ಹೇಳಿದ, "ಕಾಲನಿರ್ಣಯಚ್ಯಾ ಮಾಗೇ."

ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂದೆ, ಅದೇ ಮೊಳೆಗೆ. ಆ ಜಾಗ ನನಗೆ, ನನ್ನ ಹೆಂಡತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂತ ನಾನು ಎಂಟು ವರ್ಷದಿಂದ ನಂಬಿದ್ದೆ. ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. "ಕಾಕಾ, ಜಾಗ ಬದಲಾಯಿಸಿ, ನಾನು ಮತ್ತೆ ಬರ್ತೀನಿ" ಅಂದಳು. ಚಹಾ ಕುಡಿಯದೇ ಹೋದಳು.

ಅವಳು ಹೋದ ಮೇಲೆ ಕಪಾಟು ತೆಗೆದು ಕೂತೆ. ಕೋವಿಯ ಚೀಲದ ಜಿಪ್ಪನ್ನ ನಾನು ಯಾವಾಗಲೂ ಗೋಡೆ ಕಡೆ ಮಾಡಿ ಇಡ್ತೀನಿ, ಅಭ್ಯಾಸ. ಅವತ್ತು ಅವಳ ಮುಂದೆ ಚೀಲ ಎತ್ತಿಕೊಂಡಾಗ ಜಿಪ್ಪು ನನ್ನ ಕಡೆಗಿತ್ತು. ಗಡಿಬಿಡಿಯಲ್ಲಿ ಗಮನಕ್ಕೆ ಬಂದಿರಲಿಲ್ಲ, ಈಗ ನೆನಪಾಯ್ತು. ಮೊಮ್ಮಗನನ್ನ ಕರೆದು ಕೂರಿಸ್ಕೊಂಡೆ. ಎರಡು ಸಲ ಕೇಳಿದ ಮೇಲೆ ಹೇಳಿದ. ದೀಪಾವಳಿ ರಜೆಯಲ್ಲಿ, ನಾವಿಬ್ಬರೂ ಮಧ್ಯಾಹ್ನ ಮಲಗಿದ್ದಾಗ, ಗೆಳೆಯನಿಗೆ ತೋರಿಸಿದ್ದನಂತೆ. "ಮುಟ್ಟಿಲ್ಲ ಅಜ್ಜಾ, ನೋಡಿದ್ದಷ್ಟೇ." ಡಬ್ಬಿ ತೆಗೆದಿದ್ರಾ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ತೋಟಾ ಎಣಿಸಿದೆ. ಸರಿಯಾಗಿದ್ವು. ಮತ್ತೊಂದು ಸಲ ಎಣಿಸಿದೆ.

ಮಗ ಮತ್ತು ಸೊಸೆಗೆ ಹೇಳಬೇಕಾಯ್ತಲ್ಲ, ಆ ರಾತ್ರಿಯ ಮಾತು ಇಲ್ಲಿ ಬೇಡ.

2019ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿಯನ್ನ ಮೂರು ವರ್ಷದಿಂದ ಐದಕ್ಕೆ ಏರಿಸಿದ್ರು. ನವೀಕರಣದ ಅಲೆದಾಟ ಕಮ್ಮಿ ಆಯ್ತು ಅಂತ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. 2020ರಲ್ಲಿ ಪೊಲೀಸರು ಬಂದಾಗ ನನ್ನ ಮೊಮ್ಮಗನಿಗೆ ಎರಡು ವರ್ಷ, ಆ ಮೊಳೆ ಅವನ ಕೈಗೆ ಎಟುಕುತ್ತಿರಲಿಲ್ಲ. ಐದು ವರ್ಷದಲ್ಲಿ ಕಪಾಟು ಹಾಗೇ ಇತ್ತು, ಹುಡುಗ ಬೆಳೆದ. ಆ ಲೆಕ್ಕ ಸರ್ಕಾರ ಇಡಲ್ಲ ಬಿಡಿ, ನಾನೂ ಇಟ್ಟಿರಲಿಲ್ಲ.

ಆಮೇಲೆ ಬೇರೆ ಕಡೆ ಹೇಗೆ ಮಾಡ್ತಾರೆ ಅಂತ ಓದ್ತಾ ಹೋದೆ. ಜರ್ಮನಿಯ ವಿನ್ನೆಂಡನ್ ಅನ್ನೋ ಊರಲ್ಲಿ 2009ರ ಮಾರ್ಚ್ 11ರಂದು ಹದಿನೇಳು ವರ್ಷದ ಹುಡುಗ ತಾನು ಓದಿದ್ದ ಶಾಲೆಗೇ ನುಗ್ಗಿ ಗುಂಡು ಹಾರಿಸಿದ. ಹದಿನೈದು ಜನರನ್ನ ಕೊಂದು ಕೊನೆಗೆ ತಾನೂ ಸತ್ತ. ಪಿಸ್ತೂಲು ಅಪ್ಪನದು. ಅಪ್ಪ ಉಳಿದ ಆಯುಧಗಳನ್ನೆಲ್ಲ ತಿಜೋರಿಯಲ್ಲಿ ಬೀಗ ಹಾಕಿಟ್ಟಿದ್ದ, ಇದೊಂದನ್ನ ಮಾತ್ರ ಮಲಗುವ ಕೋಣೆಯಲ್ಲಿ ಇಟ್ಟಿದ್ದ. ಅವನಿಗೂ ಕೋರ್ಟಿನಲ್ಲಿ ಶಿಕ್ಷೆ ಆಯ್ತು. ಆ ವರ್ಷವೇ ಅಲ್ಲಿ ಕಾನೂನು ಬದಲಾಯ್ತು. ಅನುಮಾನಕ್ಕೆ ಕಾರಣ ಇಲ್ಲದಿದ್ರೂ ಆಯುಧ ಇಲಾಖೆಯವರು ಮೊದಲೇ ತಿಳಿಸದೆ ಮನೆಗೆ ಬಂದು ತಿಜೋರಿ ನೋಡಬಹುದು. ಒತ್ತಾಯದಿಂದ ಒಳಗೆ ನುಗ್ಗೋ ಹಾಗಿಲ್ಲ, ತುರ್ತು ಅಪಾಯ ಇದ್ರೆ ಮಾತ್ರ. ಆದ್ರೆ ಸುಮ್ಮಸುಮ್ಮನೆ ಬಾಗಿಲು ತೆಗೆಯದಿದ್ರೆ ಲೈಸೆನ್ಸಿಗೇ ಕುತ್ತು.

ಇನ್ನೊಂದು ಕೇಸು ನನ್ನನ್ನ ಚುಚ್ಚಿತು. 2023ರಲ್ಲಿ ಅಲ್ಲಿನ ಮ್ಯೂನ್‌ಸ್ಟರ್ ಕೋರ್ಟು ಚಾವಿಯ ಬಗ್ಗೆಯೇ ತೀರ್ಪು ಕೊಟ್ಟಿದೆ. ಆಯುಧದ ತಿಜೋರಿ ಎಷ್ಟು ಗಟ್ಟಿಯೋ ಅದರ ಚಾವಿ ಇಡುವ ಪೆಟ್ಟಿಗೆಯೂ ಅಷ್ಟೇ ಗಟ್ಟಿ ಇರಬೇಕಂತೆ. "ಆ ಪೆಟ್ಟಿಗೆಯ ಚಾವಿ ಎಲ್ಲಿಡೋದು?" ಅಂತ ನನ್ನ ಹೆಂಡತಿ ಕೇಳಿದಳು. ಅದಕ್ಕೇ ನಂಬರ್ ಬೀಗ.

ಸೊಸೈಟಿಯಲ್ಲಿ ಲೈಸೆನ್ಸ್ ಇರೋ ಇನ್ನೊಬ್ಬರಿದಾರೆ, ನಿವೃತ್ತ ಫೌಜಿ. "ಪೊಲೀಸರು ಬೆಡ್‌ರೂಮಿಗೆ ಬರೋದು ಅಂದ್ರೆ ಮರ್ಯಾದೆ ಪ್ರಶ್ನೆ" ಅಂತಾರೆ. ಮೊದಲಾಗಿದ್ರೆ ನಾನೂ ಹೂಂ ಅಂತಿದ್ದೆ. ಈಗ ನನಗೆ ಸಿಟ್ಟಿರೋದು ಚಹಾ ಕುಡಿದು ಹೋದ ಆ ಮೊದಲ ಇಬ್ಬರ ಮೇಲೆ. ಹಾಗಂತ ಎಲ್ಲ ಅವರ ತಲೆಗೆ ಕಟ್ಟೋಕೂ ಆಗಲ್ಲ.

ಅಪ್ಪ ಕೋವಿಯನ್ನ ನಡುಮನೆಯ ಗೋಡೆಗೇ ನೇತುಹಾಕ್ತಿದ್ರು, ಬಂದವರಿಗೆಲ್ಲ ಕಾಣೋ ಹಾಗೆ. ಆದ್ರೆ ತೋಟಾ ಇದ್ದದ್ದು ಮರದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಚಾವಿ ಅವರ ಉಡಿದಾರದಲ್ಲಿ. ಸ್ನಾನ ಮಾಡುವಾಗಲೂ ಅಲ್ಲೇ. ನಾವು ಮಕ್ಕಳು ಅದನ್ನ ನೋಡಿ ನಗ್ತಿದ್ವಿ.

ತೋಟಾಗಳನ್ನ ಬ್ಯಾಂಕ್ ಲಾಕರಿನಲ್ಲಿ ಇಡೋಣ ಅಂತ ಯೋಚನೆ ಬಂತು. ಲಾಕರಿನ ಕರಾರಿನಲ್ಲೇ ಆಯುಧ, ಸ್ಫೋಟಕ ಇಡಬಾರದು ಅಂತಿದೆ, ನೀವೂ ಆ ದಾರಿ ಹಿಡೀಬೇಡಿ. ಕಾನೂನಿನ ಪ್ರಕಾರ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯ ಹತ್ರವೋ ಠೇವಣಿ ಇಡಬಹುದು. ನಾನು ವ್ಯಾಪಾರಿಗೆ ಒಪ್ಪಿಸಿ ರಸೀದಿ ತಗೊಂಡೆ. ಕೋವಿ ಮಾತ್ರ ಮನೇಲಿದೆ, ಹೊಸ ತಿಜೋರಿಯಲ್ಲಿ.

ಹದಿನೈದು ದಿನಕ್ಕೆ ಆ ಕಾನ್‌ಸ್ಟೇಬಲ್ ಮತ್ತೆ ಬಂದಳು, ಫೋನ್ ಮಾಡದೆ. ಮೊಮ್ಮಗನನ್ನೇ ಕೇಳಿದಳು. ಅವನು ಸ್ವಲ್ಪ ಯೋಚಿಸಿ, "ಮಾಹೀತ್ ನಾಹೀ" ಅಂದ. ಗೊತ್ತಿಲ್ಲ ಅಂತ. ಆ ದಿನ ಚಹಾ ಕುಡಿದಳು.

ನಂಬರು ಏನು ಅಂತ ಇಲ್ಲಿ ಸುಳಿವೂ ಕೊಡಲ್ಲ. ಅವನು ನನ್ನ ವಿಡಿಯೊ ಎಲ್ಲ ನೋಡ್ತಾನೆ.