ಜೊತೆಗಾರರ ಎಚ್ಚರ



ಮೊನ್ನೆ ಮಧ್ಯಾಹ್ನ ಪ್ರಸಾದವಾದ ಮೇಲೆ ಹಿರಿಯ ತಾಯಿಯೊಬ್ಬರು ತಮ್ಮ ಯಜಮಾನರೊಡನೆ ಮಠಕ್ಕೆ ಬಂದಿದ್ದರು. ಮಗಳ ಬಾಣಂತನಕ್ಕೆಂದು ಇಬ್ಬರೂ ಅಮೆರಿಕಕ್ಕೆ ಹೊರಟಿದ್ದಾರೆ. ಬೆಂಗಳೂರನ್ನು ಕಂಡದ್ದೇ ಅವರಿಗೆ ಇದುವರೆಗೆ ದೂರದ ಪ್ರಯಾಣ. ನಮಸ್ಕರಿಸಿ ಎದ್ದವರೇ ಕೇಳಿದರು: “ಬುದ್ಧಿ, ಇಮಾನ ನಡ್ಸೋರು ಮಧ್ಯದಾರೀಲಿ ಮಲಗ್ತಾರಂತೆ, ಹೌದೇ?” ಮೊಮ್ಮಗ ಹೇಳಿದನಂತೆ. ಹುಡುಗ ಅಜ್ಜಿಯನ್ನು ಹೆದರಿಸಲೆಂದೇ ಹೇಳಿರಬೇಕು. ಆದರೆ ಸುಳ್ಳು ಹೇಳಿಲ್ಲ. “ಹೌದು ತಾಯಿ” ಎಂದೆವು. ಅವರ ಮುಖ ಬಾಡಿತು.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನವೊಂದು ಉತ್ತರಧ್ರುವದ ಮೇಲಿನಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬಂದಿತು. ಅದನ್ನು ನಡೆಸಿದವರು ನಾಲ್ವರು ಹೆಣ್ಣುಮಕ್ಕಳು. ಒಂದು ವಿಮಾನಕ್ಕೆ ನಾಲ್ವರೇಕೆ? ಹದಿನಾರು ಗಂಟೆಗೂ ಮೀರಿದ ಹಾದಿಯಲ್ಲಿ ಒಬ್ಬರೇ ಕಣ್ಣು ಬಿಟ್ಟುಕೊಂಡು ಕೂಡುವುದು ಆಗದ ಮಾತು. ಅಷ್ಟು ದೂರ ಹಾರುವ ವಿಮಾನಗಳಲ್ಲಿ ಚಾಲಕರು ಸರದಿಯ ಮೇಲೆ ಮಲಗುವುದಕ್ಕೆಂದೇ ಪುಟ್ಟ ಕೋಣೆಯೊಂದಿರುತ್ತದೆ. ಅಲ್ಲಿ ಮಲಗುವುದೂ ಅವರ ಕೆಲಸದ ಭಾಗವೇ.

ಈ ಮಾತು ಬಂದಾಗ ನಮಗೆ ನೆನಪಾದದ್ದು ಇನ್ನೂ ದೊಡ್ಡದೊಂದು ಹಾರಾಟ. 1986ರ ಡಿಸೆಂಬರ್ 14ರ ಬೆಳಿಗ್ಗೆ ಕ್ಯಾಲಿಫೋರ್ನಿಯದ ಎಡ್ವರ್ಡ್ಸ್ ವಾಯುನೆಲೆಯಿಂದ ‘ವಾಯೇಜರ್’ ಎಂಬ ವಿಮಾನ ಹೊರಟಿತು. ಎಲ್ಲಿಯೂ ಇಳಿಯದೆ, ನಡುವೆ ಇಂಧನವನ್ನೂ ತುಂಬಿಸಿಕೊಳ್ಳದೆ ಭೂಮಿಯನ್ನು ಒಂದು ಸುತ್ತು ಬರಬೇಕು. ಅದು ಅವರ ಹಟ. ಒಳಗಿದ್ದವರು ಇಬ್ಬರೇ. ಒಬ್ಬರು ಡಿಕ್ ರುಟಾನ್, ವಿಯೆಟ್ನಾಂ ಯುದ್ಧದಲ್ಲಿ ವಿಮಾನ ಹಾರಿಸಿದವರು. ಇನ್ನೊಬ್ಬರು ಜೀನಾ ಯೇಗರ್ ಎಂಬ ಹೆಣ್ಣುಮಗಳು. ವಿಮಾನದ ವಿನ್ಯಾಸ ಮಾಡಿದವರು ಡಿಕ್‌ ಅವರ ತಮ್ಮ ಬರ್ಟ್. ಹೊರಡುವಾಗ ಅದರ ತೂಕ ಸುಮಾರು 4,400 ಕಿಲೊ. ಅದರಲ್ಲಿ ಇಂಧನವೇ 3,100 ಕಿಲೊ ಮೀರಿತ್ತು. ಆ ಭಾರಕ್ಕೆ ರೆಕ್ಕೆಯ ತುದಿಗಳು ಬಾಗಿ ನೆಲಕ್ಕೆ ಉಜ್ಜಿ ಹರಿದವು. ನಾಲ್ಕು ಕಿಲೊಮೀಟರಿಗೂ ಹೆಚ್ಚು ಓಡಿದ ಮೇಲೆ ಅದು ನೆಲ ಬಿಟ್ಟಿತು.

ಒಳಗಿನ ಜಾಗ ಎಷ್ಟೆನ್ನುತ್ತೀರಿ? ನಮ್ಮ ಕಡೆಯ ಹಳೆಯ ಅಟ್ಟದಷ್ಟೂ ಇಲ್ಲ. ಒಬ್ಬರು ನಡೆಸುವಾಗ ಮತ್ತೊಬ್ಬರು ಪಕ್ಕದಲ್ಲಿ ಮಲಗಬೇಕು, ಎದ್ದು ನಿಲ್ಲುವಂತಿಲ್ಲ. ಜಾಗ ಬದಲಾಯಿಸಬೇಕಾದರೆ ಒಬ್ಬರ ಮೇಲೊಬ್ಬರು ತೆವಳಿಕೊಂಡು ಹೋಗಬೇಕು. ಒಂದು ಕಾಲಕ್ಕೆ ಈ ಇಬ್ಬರೂ ಒಲಿದು ಕೂಡಿ ಬಾಳಿದವರು. ಹಾರುವ ಹೊತ್ತಿಗೆ ಆ ನಂಟು ಕಳಚಿತ್ತು. ಆದರೂ ವರ್ಷಗಟ್ಟಲೆ ಕೈಸೇರಿಸಿ ಕಟ್ಟಿದ ಕೆಲಸವನ್ನು ಇಬ್ಬರೂ ಬಿಡಲಿಲ್ಲ. ಇದನ್ನು ನಾವು ಸಣ್ಣ ಮಾತೆಂದು ತಿಳಿಯುವುದಿಲ್ಲ.

ಮೂರು ಮೂರು ಗಂಟೆಗೆ ಸರದಿ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಆದರೆ ಭಾರ ತುಂಬಿದ ಆ ವಿಮಾನ ಬಹಳ ತುಂಟ; ಒಂದು ಕ್ಷಣ ಮೈಮರೆತರೆ ತೂಗಾಡತೊಡಗುತ್ತಿತ್ತು. ಹೀಗಾಗಿ ಡಿಕ್ ಮೊದಲ ಮೂರು ದಿನ ಹೆಚ್ಚುಕಡಿಮೆ ಜಾಗ ಬಿಟ್ಟು ಏಳಲೇ ಇಲ್ಲವಂತೆ. ಅವರ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನಮಗೆ ಕಾಣುವುದು ಪಕ್ಕದಲ್ಲಿ ಮಲಗಿದ್ದ ಆ ಹೆಣ್ಣುಮಗಳು. ಗಾಳಿಯ ಹೊಡೆತಕ್ಕೆ ಅತ್ತಿತ್ತ ಎಸೆದಾಡಿ ಮೈಯೆಲ್ಲ ಕಂದಿತ್ತು. ಆದರೂ ಹದಿನೇಳು ತೊಟ್ಟಿಗಳಲ್ಲಿ ಯಾವುದರಿಂದ ಎಷ್ಟು ಇಂಧನ ಹೋಯಿತು, ಎಷ್ಟು ಉಳಿಯಿತು ಎಂದು ಲೆಕ್ಕ ಬರೆಯುತ್ತಲೇ ಇದ್ದರು. ಆ ಲೆಕ್ಕ ತಪ್ಪಿದರೆ ಎಂಥ ಚಾಲಕನಿದ್ದೂ ಫಲವಿಲ್ಲ.

ನಮ್ಮ ಮನೆಗಳನ್ನೇ ನೋಡಿ. ಎಪ್ಪತ್ತು ದಾಟಿದ ಯಜಮಾನ ಬೀಗದ ಕೈಯನ್ನು ಉಡಿದಾರಕ್ಕೇ ಕಟ್ಟಿಕೊಂಡಿರುತ್ತಾನೆ. ಮಗನಿಗೆ ಕೊಟ್ಟರೆ ಎಲ್ಲಿ ಕೆಡುತ್ತದೋ ಎಂಬ ಅಂಜಿಕೆ. ಇರುಳೆಲ್ಲ ನಿದ್ದೆ ಇಲ್ಲ, ಹಗಲೆಲ್ಲ ಸಿಡುಕು. ತನ್ನ ಎಚ್ಚರದಿಂದಲೇ ಮನೆ ನಿಂತಿದೆ ಎಂದುಕೊಂಡಿರುತ್ತಾನೆ. ಮಠಗಳಲ್ಲೂ ಇಂಥವರಿದ್ದಾರೆ, ನಮ್ಮನ್ನು ಬಿಟ್ಟು ಹೇಳುತ್ತಿಲ್ಲ.

ಇಂಧನ ಕರಗಿ ಭಾರ ಇಳಿದಂತೆ ವಿಮಾನ ಸ್ವಲ್ಪ ಹದಕ್ಕೆ ಬಂತು. ಕೊನೆಯ ರಾತ್ರಿ, ಮೆಕ್ಸಿಕೋ ದಡದಾಚೆ, ಊರು ಇನ್ನೇನು ಬಂತು ಎನ್ನುವಾಗ, ಇಂಧನ ಸರಿಯಾಗಿ ಹರಿಯದೆ ಎಂಜಿನ್ ನಿಂತೇಹೋಯಿತು. ಕೆಳಗೆ ಕತ್ತಲೆಯ ಸಮುದ್ರ. ಸದ್ದಿಲ್ಲದೆ ಸಾವಿರಾರು ಅಡಿ ಜಾರಿದ ಮೇಲೆ ಎಂಜಿನ್ನಿಗೆ ಮತ್ತೆ ಜೀವ ಬಂತು. ಡಿಸೆಂಬರ್ 23ರ ಬೆಳಿಗ್ಗೆ, ಹೊರಟು ಒಂಬತ್ತು ದಿನಗಳ ಮೇಲೆ ಮೂರು ನಿಮಿಷ ಚಿಲ್ಲರೆಗೆ, ಹೊರಟ ನೆಲೆಯಲ್ಲೇ ಇಳಿದರು. ಮೂರು ಸಾವಿರ ಕಿಲೊ ಮೀರಿದ್ದ ಇಂಧನದಲ್ಲಿ ಉಳಿದಿದ್ದುದು ಐವತ್ತು ಕಿಲೊಗೂ ಕಡಿಮೆ.

ಇಷ್ಟನ್ನೂ ಆ ತಾಯಿಗೆ ಹೇಳಿ, “ನೀವು ಹತ್ತುವ ವಿಮಾನದ ಚಾಲಕ ಮಲಗಿದ್ದಾನೆಂದರೆ ಅವನ ಜೊತೆಗಾರ ಎದ್ದಿದ್ದಾನೆಂದು ತಿಳಿಯಿರಿ. ನೀವೂ ನಿಶ್ಚಿಂತೆಯಿಂದ ಮಲಗಿ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೆ ಕೂತಿದ್ದ ಯಜಮಾನರ ಕಡೆ ತಿರುಗಿದರು. “ನಾನೇನೋ ಮಲಗ್ತೀನಿ ಬುದ್ಧಿ, ಇವರಿಗೆ ಹೇಳಿ. ಧರ್ಮಸ್ಥಳದ ಬಸ್ಸಿನಾಗೂ ಕಣ್ಣು ಮುಚ್ಚಲಿಲ್ಲ. ನಾನು ನೋಡ್ಕೊಂತೀನಿ ಅಂದ್ರೂ ಬ್ಯಾಗು ತಬ್ಬಿಕೊಂಡೇ ಕುಂತಿದ್ರು.”

ಯಜಮಾನರು ತಲೆ ತಗ್ಗಿಸಿಕೊಂಡು ನಕ್ಕರು. ಆಗಲೂ ಬ್ಯಾಗು ಅವರ ತೊಡೆಯ ಮೇಲೇ ಇತ್ತು.