ಪಂಪಿನ ಕಾಂಕ್ರೀಟು ಮತ್ತು ನಾಲ್ಕು ಬಕೆಟ್ ನೀರು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದ ಉಪನ್ಯಾಸದ ಪಠ್ಯ)



ಗ್ರಾಮದಲ್ಲಿ ಮೇಲ್ಮಟ್ಟದ ಜಲಸಂಗ್ರಹಾಗಾರಕ್ಕೆ ಕಾಂಕ್ರೀಟ್ ಹಾಕುವ ದಿನವೆಂದರೆ ಒಂದು ಸಣ್ಣ ಹಬ್ಬವಿದ್ದಂತೆ. ಬೆಳಿಗ್ಗೆ ಪೂಜೆಯಾಗಿ, ಕಾಯಿ ಒಡೆದ ಬಳಿಕ ಪಂಪು ಚಾಲೂ ಆಗುತ್ತದೆ. ಮಧ್ಯಾಹ್ನ ಬಿಸಿಲೇರುತ್ತದೆ. ಪಟ್ಟಣದ ಘಟಕದಿಂದ ಹೊರಟ ಮಿಕ್ಸರ್ ಲಾರಿ ತಡವಾಗಿ ಬರುತ್ತದೆ. ಅದರೊಳಗಿನ ಕಾಂಕ್ರೀಟು ಗಟ್ಟಿಯಾಗತೊಡಗಿ ಪಂಪು ಎಳೆಯಲಾರದೆ ಏದುಸಿರು ಬಿಡುತ್ತದೆ. ಆಗ ಯಾರೋ ಒಬ್ಬರು, "ನಾಲ್ಕು ಬಕೆಟ್ ನೀರು ಹೊಡೀರಿ, ಸಲೀಸಾಗಿ ಹೋಗುತ್ತೆ" ಎನ್ನುತ್ತಾರೆ. ನೀರು ಬೀಳುತ್ತದೆ, ಪಂಪು ನಡೆಯುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಆ ತೊಟ್ಟಿ ಎಷ್ಟು ವರ್ಷ ಬಾಳೀತೆಂಬುದು ಬಹುಮಟ್ಟಿಗೆ ಆ ಗಳಿಗೆಯಲ್ಲಿಯೇ ನಿರ್ಧಾರವಾಗಿರುತ್ತದೆ. ಆ ಗಳಿಗೆಯಲ್ಲಿ ಸ್ಥಳದಲ್ಲಿರುವ ಸದಸ್ಯರು ಏನನ್ನು ತಿಳಿದಿರಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ನೀರಿನ ಲೆಕ್ಕ

ಸಿಮೆಂಟಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ನೀರು ಸಿಮೆಂಟಿನ ತೂಕದ ಸುಮಾರು ಕಾಲುಭಾಗ ಮಾತ್ರ. ಉಳಿದ ನೀರನ್ನು ಕಾಂಕ್ರೀಟು ಹರಿಯಲೆಂದು ಬೆರೆಸಲಾಗುತ್ತದೆ. ಹೀಗೆ ಹೆಚ್ಚಾದ ನೀರು ಕ್ರಮೇಣ ಆರಿಹೋಗಿ, ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ನೀರು ಮತ್ತು ಸಿಮೆಂಟಿನ ಅನುಪಾತ ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿಯೇ ಪ್ರಯೋಗಗಳಿಂದ ತೋರಿಸಿಕೊಟ್ಟರು. ನೀರು ಸಂಗ್ರಹಿಸುವ ರಚನೆಗಳಿಗೆ ಸಂಬಂಧಿಸಿದ ಐಎಸ್ 3370 ಮಾನಕದಂತೆ ಸರಳು ಹಾಕಿದ ಕಾಂಕ್ರೀಟು ಕನಿಷ್ಠ ಎಂ-30 ದರ್ಜೆಯದಾಗಿರಬೇಕು ಮತ್ತು ಈ ಅನುಪಾತ 0.45ನ್ನು ಮೀರಬಾರದು. ಅಂದರೆ 50 ಕಿಲೋ ತೂಕದ ಒಂದು ಚೀಲ ಸಿಮೆಂಟಿಗೆ ಗರಿಷ್ಠ 22.5 ಲೀಟರ್ ನೀರು. ಮರಳು, ಜಲ್ಲಿಗಳ ಮೇಲಿರುವ ತೇವವೂ ಈ ಲೆಕ್ಕಕ್ಕೇ ಸೇರುತ್ತದೆ.

ಇಷ್ಟು ಕಡಿಮೆ ನೀರಿನ ಕಾಂಕ್ರೀಟು ಕೊಳವೆಯಲ್ಲಿ ಹರಿಯುವುದು ಕಷ್ಟ. ಐಎಸ್ 10262 ಮಾನಕದ ಲೆಕ್ಕದಲ್ಲಿ, 20 ಮಿ.ಮೀ. ಜಲ್ಲಿಯ ಕಾಂಕ್ರೀಟಿಗೆ 100 ಮಿ.ಮೀ. ಸ್ಲಂಪ್ ಬರಬೇಕಾದರೆ ಘನ ಮೀಟರಿಗೆ ಸುಮಾರು 197 ಲೀಟರ್ ನೀರು ಬೇಕು. ಅನುಪಾತವನ್ನು 0.45ರಲ್ಲಿಯೇ ಉಳಿಸಿಕೊಂಡರೆ ಸಿಮೆಂಟು 438 ಕಿಲೋ ಆಗುತ್ತದೆ. ಇದು ದುಬಾರಿ. ಅಲ್ಲದೆ ಸಿಮೆಂಟು ಅತಿಯಾದರೆ ಬಿಸಿ ಹೆಚ್ಚಿ, ಕುಗ್ಗುವಿಕೆಯ ಬಿರುಕುಗಳಿಗೂ ಎಡೆಯಾಗುತ್ತದೆ. ಈ ಇಕ್ಕಟ್ಟಿನಿಂದ ಪಾರುಮಾಡುವ ವಸ್ತುವೇ ಸೂಪರ್‌ಪ್ಲಾಸ್ಟಿಸೈಸರ್.

ದ್ರವದ ಕೆಲಸ

ಕೆಲಸದ ಸ್ಥಳದಲ್ಲಿ ಇದನ್ನು ಬರಿದೆ "ಕೆಮಿಕಲ್" ಎನ್ನುತ್ತಾರೆ. 1960ರ ದಶಕದಲ್ಲಿ ಜಪಾನ್ ಮತ್ತು ಜರ್ಮನಿಗಳಲ್ಲಿ ಇದು ರೂಪುಗೊಂಡಿತು. ಸಿಮೆಂಟಿನ ಕಣಗಳು ನೀರಿನಲ್ಲಿ ಪರಸ್ಪರ ಅಂಟಿಕೊಂಡು ಗುಂಪುಗಟ್ಟುತ್ತವೆ, ಬಹಳಷ್ಟು ನೀರು ಆ ಗುಂಪುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಸೂಪರ್‌ಪ್ಲಾಸ್ಟಿಸೈಸರ್ ಕಣಗಳ ಮೈಗೆ ಅಂಟಿ ಅವು ಒಂದನ್ನೊಂದು ದೂಡುವಂತೆ ಮಾಡುತ್ತದೆ. ಸಿಕ್ಕಿಕೊಂಡಿದ್ದ ನೀರು ಬಿಡುಗಡೆಯಾಗುವುದರಿಂದ ನೀರು ಹೆಚ್ಚಿಸದೆಯೇ ಕಾಂಕ್ರೀಟು ಸಡಿಲವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 197 ಲೀಟರಿನ ಬದಲು 162 ಲೀಟರ್ ನೀರು, 438 ಕಿಲೋ ಬದಲು 360 ಕಿಲೋ ಸಿಮೆಂಟು ಸಾಕಾಗುತ್ತದೆ. ದುಬೈನ ಬುರ್ಜ್ ಖಲೀಫಾ ಕಟ್ಟಡದಲ್ಲಿ 600 ಮೀಟರಿಗೂ ಮೀರಿದ ಎತ್ತರಕ್ಕೆ ಕಾಂಕ್ರೀಟನ್ನು ಪಂಪ್ ಮಾಡಿದ್ದು ಇಂತಹ ದ್ರವಗಳ ಬಲದಿಂದಲೇ.

ಆದರೆ ಈ ದ್ರವ ಸರ್ವರೋಗಕ್ಕೆ ಮದ್ದಲ್ಲ. ಪಂಪಿನ ಕೊಳವೆಯಲ್ಲಿ ಕಾಂಕ್ರೀಟು ಒಂದು ದಿಂಡಿನಂತೆ ಸರಿಯುತ್ತದೆ. ಕೊಳವೆಯ ಒಳಗೋಡೆಗೆ ಹತ್ತಿದ ತೆಳುವಾದ ಸಿಮೆಂಟು ಗಾರೆಯ ಪದರವೇ ಅದಕ್ಕೆ ಜಾರುವ ಹಾದಿ. ಆ ಪದರ ಉಳಿಯಬೇಕಾದರೆ ಮರಳಿನಲ್ಲಿ ಸಾಕಷ್ಟು ನುಣುಪು ಕಣಗಳಿರಬೇಕು. ಎಂ-ಸ್ಯಾಂಡ್ ತೀರ ಒರಟಾಗಿದ್ದರೆ, ಅಥವಾ ದ್ರವವೋ ನೀರೋ ಅತಿಯಾದರೆ, ಒತ್ತಡಕ್ಕೆ ತಿಳಿ ಮುಂದೆ ಓಡಿ ಜಲ್ಲಿ ಹಿಂದೆ ಉಳಿಯುತ್ತದೆ. ಜಲ್ಲಿಗೆ ಜಲ್ಲಿ ಸಿಕ್ಕಿ ಕೊಳವೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪಂಪು ನಿಂತಾಗಲೆಲ್ಲ ನೀರು ಸುರಿಯುವುದು ಪರಿಹಾರವಾಗದು. ಎಷ್ಟೋ ಸಲ ರೋಗವನ್ನು ಹೆಚ್ಚಿಸುವುದೇ ಅದು. ಪ್ರಮಾಣಕ್ಕೂ ಮಿತಿಯಿದೆ. ಐಎಸ್ 456 ಮಾನಕದಂತೆ, ಪರೀಕ್ಷೆಯ ಆಧಾರದ ಮೇಲೆ ಹೆಚ್ಚಿನ ಪ್ರಮಾಣಕ್ಕೆ ಒಪ್ಪಿಗೆಯಾಗಿರದ ಹೊರತು, ಇದು ಸಿಮೆಂಟು ಸಾಮಗ್ರಿಯ ತೂಕದ ಶೇ. 2ನ್ನು ಮೀರಬಾರದು. ಮಿತಿ ಮೀರಿದರೆ ಕಾಂಕ್ರೀಟು ಬೇರ್ಪಡುತ್ತದೆ, ಗಟ್ಟಿಯಾಗುವುದೂ ತಡವಾಗುತ್ತದೆ.

ನಾಲ್ಕು ಬಕೆಟ್ಟಿನ ಬೆಲೆ

ಆರು ಘನ ಮೀಟರ್ ಕಾಂಕ್ರೀಟು ತುಂಬಿದ ಲಾರಿಯಲ್ಲಿ, ಮೇಲಿನ ಲೆಕ್ಕದಂತೆ, 2,160 ಕಿಲೋ ಸಿಮೆಂಟು ಮತ್ತು 972 ಲೀಟರ್ ನೀರು ಇರುತ್ತದೆ. ಅನುಪಾತ ಸರಿಯಾಗಿ 0.45. ಅದಕ್ಕೆ 15 ಲೀಟರಿನ ನಾಲ್ಕು ಬಕೆಟ್ ನೀರು ಸೇರಿಸಿದರೆ ಅನುಪಾತ 0.48ರ ಸಮೀಪಕ್ಕೆ ಏರಿ ಮಾನಕದ ಮಿತಿ ದಾಟುತ್ತದೆ. ಇದು ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ವರ್ಷಗಳ ನಂತರ ತೊಟ್ಟಿಯ ಗೋಡೆ ಜಿನುಗುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟಿನ ಹೊರಪದರ ಕಳಚಿ ಬೀಳುತ್ತದೆ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿರುತ್ತದೆ, ಗುತ್ತಿಗೆದಾರರು ಬೇರೆ ಊರಿನಲ್ಲಿರುತ್ತಾರೆ. ಮತ್ತೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು ಅದೇ ಗ್ರಾಮದ ಹೆಣ್ಣುಮಕ್ಕಳು.

ಸದಸ್ಯರು ಮಾಡಬಹುದಾದುದು

ತಾಂತ್ರಿಕ ನಿರ್ಣಯ ಎಂಜಿನಿಯರರದು. ಸದಸ್ಯರು ಅಲ್ಲಿ ಅಧಿಕಾರ ಚಲಾಯಿಸಬೇಕಾಗಿಲ್ಲ. ಆದರೆ ಊರಿನ ಪರವಾಗಿ ಸಾಕ್ಷಿಯಾಗಿ ನಿಂತು ಕೇಳುವುದನ್ನು ಕೇಳಬೇಕು.

ಒಂದು, ಮಿಶ್ರಣ ವಿನ್ಯಾಸದ ಪ್ರತಿಯನ್ನು ಮುಂಚಿತವಾಗಿ ಕೇಳಿ ಪಡೆಯಬೇಕು. ಸಿಮೆಂಟು, ನೀರು ಮತ್ತು ಸೂಪರ್‌ಪ್ಲಾಸ್ಟಿಸೈಸರಿನ ಪ್ರಮಾಣ ಅದರಲ್ಲಿ ನಮೂದಾಗಿರಬೇಕು. ದ್ರವವು ಐಎಸ್ 9103ಕ್ಕೆ ಅನುಗುಣವಾಗಿದೆಯೇ ಎಂದು ವಿಚಾರಿಸಬೇಕು.

ಎರಡು, ಪ್ರತಿ ಲಾರಿಯ ಚೀಟಿಯಲ್ಲಿ ಕಾಂಕ್ರೀಟು ತುಂಬಿದ ಸಮಯವನ್ನು ನೋಡಬೇಕು. ಐಎಸ್ 4926ರ ಪ್ರಕಾರ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಅದನ್ನು ಇಳಿಸಬೇಕು. ಗಟ್ಟಿಯಾಗುವುದನ್ನು ನಿಧಾನಿಸುವ ದ್ರವ ಬಳಸಿದ್ದರೆ ಮಾತ್ರ ಹೆಚ್ಚಿನ ಅವಧಿಗೆ ಅವಕಾಶವಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಕಡೆ ನಸುಕಿನಲ್ಲಿಯೇ ಕೆಲಸ ಆರಂಭಿಸುವುದು ಲೇಸು.

ಮೂರು, ಸ್ಲಂಪ್ ಪರೀಕ್ಷೆಯನ್ನು ಕಣ್ಣೆದುರಿಗೇ ಮಾಡಿಸಬೇಕು. ಕಾಂಕ್ರೀಟು ಬಿಗಿಯಾಗಿದ್ದರೆ ನೀರಿನ ಬದಲು ಅದೇ ಸೂಪರ್‌ಪ್ಲಾಸ್ಟಿಸೈಸರನ್ನು, ಒಪ್ಪಿತ ಮಿತಿಯೊಳಗೆ, ಎಂಜಿನಿಯರರ ಸಮ್ಮುಖದಲ್ಲಿ ಬೆರೆಸಿ, ಡ್ರಮ್ಮನ್ನು ಚೆನ್ನಾಗಿ ತಿರುಗಿಸಿ, ಮತ್ತೆ ಪರೀಕ್ಷಿಸಬೇಕು. ಅವಧಿ ಮೀರಿದ್ದರೆ ಲಾರಿಯನ್ನು ಹಿಂದಿರುಗಿಸುವುದೇ ಸರಿ. ಒಂದು ಲಾರಿ ವಾಪಸಾದ ನಷ್ಟ ಒಂದು ದಿನದ್ದು, ಸೋರುವ ತೊಟ್ಟಿಯ ನಷ್ಟ ಒಂದು ತಲೆಮಾರಿನದು.

ನಾಲ್ಕು, ಕೊಳವೆಯನ್ನು ನಯಗೊಳಿಸಲು ಮೊದಲು ಹಾಯಿಸುವ ಸಿಮೆಂಟು ತಿಳಿಯನ್ನು ಹೊರಗೆ ಬಿಡಿಸಬೇಕು. ಅದು ತೊಟ್ಟಿಯೊಳಗೆ ಬೀಳಬಾರದು.

ಐದು, ಪರೀಕ್ಷಾ ಕ್ಯೂಬುಗಳನ್ನು ಎಣಿಸಬೇಕು. ಐಎಸ್ 456ರಂತೆ 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ ಮೂರು ಮಾದರಿಗಳು, ಪ್ರತಿ ಮಾದರಿಗೆ ಮೂರು ಕ್ಯೂಬುಗಳು. 28 ದಿನಗಳ ಫಲಿತಾಂಶವನ್ನು ಪಂಚಾಯಿತಿ ಸಭೆಯಲ್ಲಿ ಓದಿಸಬೇಕು.

ಆರು, ಸುರಕ್ಷತೆ. ಸಡಿಲ ಕಾಂಕ್ರೀಟು ಸೆಂಟ್ರಿಂಗಿನ ಹಲಗೆಗಳನ್ನು ಹೆಚ್ಚು ಬಲದಿಂದ ತಳ್ಳುವುದರಿಂದ ಆಧಾರಗಳು ಭದ್ರವಾಗಿರಬೇಕು. ಪಂಪಿನ ತೋಳು ವಿದ್ಯುತ್ ತಂತಿಯ ಹತ್ತಿರ ಸುಳಿಯಬಾರದು. ಕಟ್ಟಿಕೊಂಡ ಕೊಳವೆಯನ್ನು ಒತ್ತಡ ಇಳಿಸದೆ ಬಿಚ್ಚಬಾರದು. ನೋಡಲು ಬಂದ ಮಕ್ಕಳನ್ನು ದೂರ ನಿಲ್ಲಿಸಬೇಕು.

ಏಳು, ಕ್ಯೂರಿಂಗ್. ಕಡಿಮೆ ನೀರಿನ ಕಾಂಕ್ರೀಟಿಗೆ ಇದು ಇನ್ನಷ್ಟು ಅಗತ್ಯ. ಒಣ ಬಿಸಿ ಹವೆಯಲ್ಲಿ ಸಾಮಾನ್ಯ ಸಿಮೆಂಟಿಗೆ 10 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಿಗೆ 14 ದಿನಕ್ಕೆ ಕಡಿಮೆಯಾಗದಂತೆ ಮೈ ಒದ್ದೆಯಾಗಿರಬೇಕು. ಕಾಂಕ್ರೀಟು ನೀರು ಬೇಡುವುದು ಈಗ, ಲಾರಿಯಲ್ಲಿದ್ದಾಗ ಅಲ್ಲ.

ಕೊನೆಯ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ತೊಟ್ಟಿಯನ್ನು ತುಂಬಿಸಿ, ನೀರು ಹೀರಿಕೊಳ್ಳಲು ಏಳು ದಿನ ಬಿಟ್ಟು, ಅನಂತರದ ಏಳು ದಿನ ಹೊರಮೈಯನ್ನು ಗಮನಿಸಬೇಕು. ಸೋರಿಕೆಯ ಗುರುತಿಲ್ಲದೆ ಮೈ ಒಣಗಿದ್ದರೆ ತೊಟ್ಟಿ ಉತ್ತೀರ್ಣವೆಂದು ಐಎಸ್ 3370 ಹೇಳುತ್ತದೆ. ಕಣ್ಣಿದ್ದವರೆಲ್ಲರೂ ನೋಡಬಹುದಾದ ಪರೀಕ್ಷೆಯಿದು. ಇದು ಮುಗಿಯುವ ಮುನ್ನ ಕಾಮಗಾರಿ ಪೂರ್ಣಗೊಂಡಿತೆಂಬ ಠರಾವಿಗೆ ಯಾವ ಸದಸ್ಯರೂ ಸಹಿ ಹಾಕದಿರಲಿ.